ಗಡಿಪಾರು ಆದೇಶ ಮತ್ತು ಕೋರ್ಟ್: 'ಇವರು ಹೋಗಬೇಕಾ' ಅನ್ನೋದಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ

ನಮ್ಮ ಯರಗಟ್ಟಿ ಕಡೆ 'ಗಡಿಪಾರು' ಅನ್ನೋ ಪದವನ್ನ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಚುನಾವಣೆ ಹತ್ತಿರ ಬಂದಾಗಲೋ, ಹಬ್ಬದ ಮೆರವಣಿಗೆಗೆ ಮುಂಚೆಯೋ "ಅವನ್ನ ಗಡಿಪಾರು ಮಾಡ್ಯಾರಂತ" ಅನ್ನೋ ಸುದ್ದಿ ಬಸ್ ಸ್ಟ್ಯಾಂಡಿನ ಚಹಾದಂಗಡಿಗೆ ಬಂದೇ ಬರುತ್ತೆ. ರೌಡಿ ಪಟ್ಟಿಯಲ್ಲಿ ಹೆಸರಿರುವ ಒಬ್ಬನನ್ನ ಕೆಲವು ತಿಂಗಳು ಜಿಲ್ಲೆಯಿಂದ ಹೊರಗಿಡುವುದು, ಅಷ್ಟೇ ಅದರ ಅರ್ಥ.

2025ರಿಂದ ಅದೇ ಪದ ಟಿವಿಯಲ್ಲಿ ಬೇರೆ ಅರ್ಥದಲ್ಲಿ ಕೇಳಿಸತೊಡಗಿತು. ಫೆಬ್ರವರಿ 5ರಂದು ಅಮೆರಿಕದ ಸೇನಾ ವಿಮಾನ 104 ಭಾರತೀಯರನ್ನ ತಂದು ಅಮೃತಸರದಲ್ಲಿ ಇಳಿಸಿತು. ಅದೇ ವರ್ಷ ಮೇ ನಂತರ ದೆಹಲಿ ಮತ್ತಿತರ ಕಡೆಗಳಿಂದ 'ಬಾಂಗ್ಲಾದೇಶಿ' ಎಂದು ಹಿಡಿದವರನ್ನ ಪೂರ್ವದ ಗಡಿಯಾಚೆ ಕಳಿಸಿದ ಸುದ್ದಿಗಳು ಬಂದವು. ಅಂಥದ್ದೊಂದು ಸುದ್ದಿ ನೋಡುತ್ತಾ ಚಹಾದಂಗಡಿಯಲ್ಲಿ ಪಕ್ಕ ಕೂತಿದ್ದ ಪದವಿ ಓದುವ ಹುಡುಗನೊಬ್ಬ ನನ್ನ ಕೇಳಿದ: "ಹೊರಗಿನವ್ರನ್ನ ಹೊರಗ ಹಾಕಾಕ ಕೋರ್ಟ್ ಯಾಕ್ ಬೇಕ್ರಿ?"

ಪ್ರಶ್ನೆ ಸರಳವಾಗಿದೆ. ನಮ್ಮಲ್ಲಿ ಬಹಳ ಜನರ ಮನಸ್ಸಿನಲ್ಲಿರೋದೂ ಇದೇ. ಅವತ್ತು ಅವನಿಗೆ ಸರಿಯಾಗಿ ಉತ್ತರ ಕೊಡೋಕೆ ಆಗಲಿಲ್ಲ. ಈಗ ಕೊಡಲು ಪ್ರಯತ್ನಿಸುತ್ತೇನೆ.

ಮೊದಲು ನಮ್ಮೂರಿನ ಗಡಿಪಾರು ನೋಡೋಣ

ಒಬ್ಬನನ್ನ ಜಿಲ್ಲೆಯಿಂದ ಹೊರಹಾಕುವ ಅಧಿಕಾರ ಬರುವುದು ಕರ್ನಾಟಕ ಪೊಲೀಸ್ ಕಾಯ್ದೆ, 1963ರ ಸೆಕ್ಷನ್ 55ರಿಂದ. ಬೆಳಗಾವಿ ಜಿಲ್ಲೆ 1956ರವರೆಗೆ ಮುಂಬೈ ರಾಜ್ಯದಲ್ಲಿತ್ತು, ಅಲ್ಲಿನ 1951ರ ಪೊಲೀಸ್ ಕಾಯ್ದೆಯಲ್ಲೂ ಇಂಥದ್ದೇ ಅಧಿಕಾರವಿತ್ತು. ಅಂದರೆ ಈ ಭಾಗಕ್ಕೆ ಇದು ಹಳೇ ಪರಿಚಯ.

ಇಲ್ಲಿ ಗಮನಿಸಬೇಕಾದ್ದು ಸೆಕ್ಷನ್ 58. ಆದೇಶ ಹೊರಡಿಸುವ ಮುಂಚೆ ಆ ವ್ಯಕ್ತಿಗೆ ಅವನ ಮೇಲಿನ ಆರೋಪಗಳ ಸ್ವರೂಪವನ್ನ ಲಿಖಿತವಾಗಿ ತಿಳಿಸಬೇಕು. ಉತ್ತರ ಕೊಡಲು, ಸಾಕ್ಷಿ ಹಾಜರುಪಡಿಸಲು ಅವಕಾಶ ಕೊಡಬೇಕು. ಅವನು ವಕೀಲರನ್ನ ಇಟ್ಟುಕೊಳ್ಳಬಹುದು. ಆದೇಶ ಬಂದ ಮೇಲೆ ರಾಜ್ಯ ಸರ್ಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು. ಅದಕ್ಕೂ ಸಮಾಧಾನವಾಗದಿದ್ದರೆ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬಹುದು. ನಮಗಾದರೆ ಸವದತ್ತಿ ದಾಟಿ ಧಾರವಾಡದ ಪೀಠಕ್ಕೆ ಹೋದರಾಯಿತು.

ಆ ರಿಟ್ ಅರ್ಜಿಯಲ್ಲಿ ಹೈಕೋರ್ಟ್ ಏನು ನೋಡುತ್ತೆ? 'ಈತ ಒಳ್ಳೆಯವನಾ, ಕೆಟ್ಟವನಾ' ಅಂತ ಹೊಸದಾಗಿ ವಿಚಾರಣೆ ಮಾಡಲ್ಲ. ನೋಡೋದು ಇಷ್ಟು: ಆದೇಶ ಮಾಡಿದ ಅಧಿಕಾರಿಗೆ ಆ ಅಧಿಕಾರ ಇತ್ತಾ? ನೋಟಿಸ್ ಕೊಟ್ಟರಾ? ಅವರ ಮುಂದೆ ನಿಜವಾಗಿ ಏನಾದರೂ ದಾಖಲೆ ಇತ್ತಾ? ತಲೆ ಉಪಯೋಗಿಸಿ ತೀರ್ಮಾನ ಮಾಡಿದರಾ, ಇಲ್ಲಾ ಪೊಲೀಸರು ಕೊಟ್ಟ ಕಾಗದಕ್ಕೆ ಸಹಿ ಹಾಕಿದರಾ?

2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮಹಾರಾಷ್ಟ್ರದ ಜಾಲ್ನಾ ಜಿಲ್ಲೆಯ ಒಂದು ಗಡಿಪಾರು ಆದೇಶವನ್ನ ಇದೇ ಕಾರಣಕ್ಕೆ ರದ್ದು ಮಾಡಿತು. ಗಡಿಪಾರು ಅನ್ನೋದು ಅಸಾಧಾರಣ ಕ್ರಮ, ದೇಶದೊಳಗೆ ಎಲ್ಲಿ ಬೇಕಾದರೂ ಓಡಾಡುವ ಮೂಲಭೂತ ಹಕ್ಕನ್ನೇ ಅದು ಮೊಟಕು ಮಾಡುತ್ತೆ, ಹಾಗಾಗಿ ಎಚ್ಚರದಿಂದ ಬಳಸಬೇಕು ಅಂತ ಕೋರ್ಟ್ ಹೇಳಿತು. ಗರಿಷ್ಠ ಅವಧಿಯಾದ ಎರಡು ವರ್ಷ ಹೊರಹಾಕುವುದಾದರೆ, ಅಷ್ಟು ದೀರ್ಘ ಅವಧಿ ಯಾಕೆ ಬೇಕಾಯಿತು ಅನ್ನೋದಕ್ಕೆ ಕಾರಣ ಆದೇಶದಲ್ಲೇ ಕಾಣಬೇಕು ಎಂದೂ ಹೇಳಿತು.

ಕಾನೂನಿನ ಭಾಷೆಯಲ್ಲಿ ಇದಕ್ಕೆ ನ್ಯಾಯಾಂಗ ಪರಾಮರ್ಶೆ ಅಂತಾರೆ. ಇಲ್ಲಿ ಕೋರ್ಟ್ ಸರ್ಕಾರದ ಕುರ್ಚಿಯಲ್ಲಿ ಕೂರಲ್ಲ. ಕುರ್ಚಿಯಲ್ಲಿ ಕೂತವರು ನಿಯಮ ಪಾಲಿಸಿದರಾ ಅಂತ ಕೇಳುತ್ತೆ, ಅಷ್ಟೇ.

ಒಬ್ಬ ರೌಡಿಶೀಟರನ್ನ ವರ್ಷದ ಮಟ್ಟಿಗೆ ಪಕ್ಕದ ಜಿಲ್ಲೆಗೆ ಕಳಿಸೋಕೆ ಇಷ್ಟೆಲ್ಲಾ ಮೆಟ್ಟಿಲುಗಳಿವೆ. ಹಾಗಾದರೆ ಒಬ್ಬ ಮನುಷ್ಯನನ್ನ ದೇಶದಿಂದಲೇ, ಬಹುತೇಕ ಶಾಶ್ವತವಾಗಿ ಹೊರಹಾಕುವಾಗ ಎಷ್ಟು ಮೆಟ್ಟಿಲು ಇರಬೇಕು?

ದೇಶದಿಂದ ಹೊರಹಾಕುವಾಗ

ಇಲ್ಲಿ ಕಥೆ ತಿರುಗುತ್ತೆ. ವಿದೇಶಿಯರನ್ನ ಹೊರಹಾಕುವ ವಿಷಯದಲ್ಲಿ ನಮ್ಮ ಕೋರ್ಟುಗಳು ಮೊದಲಿನಿಂದಲೂ ಸರ್ಕಾರಕ್ಕೆ ವಿಶಾಲ ಅಧಿಕಾರ ಕೊಟ್ಟಿವೆ. ಕೋರ್ಟುಗಳು ಈ ವಿಷಯದಲ್ಲಿ ಮೆದು ಅಂತ ಯಾರಾದರೂ ಹೇಳಿದರೆ ನಂಬಬೇಡಿ.

1955ರ ಹಾನ್ಸ್ ಮುಲ್ಲರ್ ಪ್ರಕರಣ ಇದಕ್ಕೆ ಬುನಾದಿ. ಕಲ್ಕತ್ತಾದ ಜೈಲಿನಲ್ಲಿ ಬಂಧನದಲ್ಲಿದ್ದ ಪಶ್ಚಿಮ ಜರ್ಮನಿಯ ಪ್ರಜೆಯೊಬ್ಬನ ಅರ್ಜಿ ಅದು. 1946ರ ವಿದೇಶಿಯರ ಕಾಯ್ದೆ ಸರ್ಕಾರಕ್ಕೆ ಕೊಟ್ಟಿರುವ ಹೊರಹಾಕುವ ಅಧಿಕಾರ ಪೂರ್ಣವಾದದ್ದು, ಅದಕ್ಕೆ ಸಂವಿಧಾನ ಮಿತಿ ಹಾಕಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. 1991ರಲ್ಲಿ ಬೆಲ್ಜಿಯಂ ಮೂಲದ ಮಿಷನರಿ ಲೂಯಿ ದ ರಾಟ್ ಅವರ ಪ್ರಕರಣ ಬಂತು. 1937ರಿಂದ ಭಾರತದಲ್ಲೇ ಇದ್ದ ಮನುಷ್ಯ. ಆದರೂ ಕೋರ್ಟ್ ಅವರ ಪರ ನಿಲ್ಲಲಿಲ್ಲ. ಬದುಕು ಮತ್ತು ಸ್ವಾತಂತ್ರ್ಯದ ಹಕ್ಕು ವಿದೇಶಿಯರಿಗೂ ಇದೆ, ಆದರೆ ಇಲ್ಲಿ ವಾಸಿಸುವ, ನೆಲೆಸುವ ಹಕ್ಕು ನಾಗರಿಕರಿಗೆ ಮಾತ್ರ ಅಂದಿತು.

2005ರಲ್ಲಿ ಸರ್ಬಾನಂದ ಸೋನೋವಾಲ್ ಅವರ ಅರ್ಜಿ ಮೇಲೆ, ಅಸ್ಸಾಮಿಗೆಂದೇ ಮಾಡಿದ್ದ ಅಕ್ರಮ ವಲಸಿಗರ ಕಾಯ್ದೆಯನ್ನ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಕಾರಣ, ಅದು ವಲಸಿಗರನ್ನ ಪತ್ತೆ ಹಚ್ಚೋದನ್ನ ತೀರಾ ಕಷ್ಟ ಮಾಡಿಟ್ಟಿತ್ತು. 'ನಾನು ವಿದೇಶಿಯಲ್ಲ' ಅಂತ ಸಾಬೀತು ಮಾಡುವ ಹೊಣೆ ಆ ವ್ಯಕ್ತಿಯ ಮೇಲೇ ಇರುತ್ತೆ ಅನ್ನೋ 1946ರ ಕಾಯ್ದೆಯ ಸೆಕ್ಷನ್ 9 ಅಸ್ಸಾಮಿಗೂ ಪೂರ್ತಿಯಾಗಿ ಅನ್ವಯವಾಯಿತು. 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ವಲಸೆ ಮತ್ತು ವಿದೇಶಿಯರ ಕಾಯ್ದೆ ಹಳೆಯ ನಾಲ್ಕು ಕಾಯ್ದೆಗಳನ್ನ ತೆಗೆದುಹಾಕಿತು, ಆದರೆ ಈ ಹೊಣೆಯನ್ನ ಹಾಗೇ ಉಳಿಸಿಕೊಂಡಿತು.

ಹಾಗಾದರೆ ಆ ಹುಡುಗ ಕೇಳಿದ್ದೇ ಸರಿಯಾಯ್ತಲ್ಲ, ಕೋರ್ಟ್ ಯಾಕೆ?

ಯಾಕೆಂದರೆ ಈ ಎಲ್ಲಾ ಅಧಿಕಾರ ಇರೋದು 'ವಿದೇಶಿ'ಯ ಮೇಲೆ. ಹಾನ್ಸ್ ಮುಲ್ಲರ್ ವಿದೇಶಿ ಅನ್ನೋದರಲ್ಲಿ ತಕರಾರೇ ಇರಲಿಲ್ಲ. ಇವತ್ತಿನ ತಕರಾರೇ ಅದು. ಎದುರಿಗಿರುವ ಮನುಷ್ಯ "ನಾನು ಇಲ್ಲಿಯವನೇ" ಅಂತಿದ್ದಾನೆ. ಆಗ ಯಾರು ತೀರ್ಮಾನಿಸಬೇಕು, ಯಾವ ದಾಖಲೆ ಮೇಲೆ, ಎಷ್ಟು ದಿನದಲ್ಲಿ?

ಸಂಶಯ ಒಂದೇ ಸಾಕಾ?

2024ರ ಜುಲೈ 11ರಂದು ಸುಪ್ರೀಂ ಕೋರ್ಟ್ ಅಸ್ಸಾಮಿನ ಒಂದು ಪ್ರಕರಣದಲ್ಲಿ ಇದಕ್ಕೆ ಉತ್ತರ ಕೊಟ್ಟಿತು. ಅಲ್ಲೊಬ್ಬ ವ್ಯಕ್ತಿಯನ್ನ ವಿದೇಶಿಯರ ನ್ಯಾಯಮಂಡಳಿ ವಿದೇಶಿ ಅಂತ ಘೋಷಿಸಿತ್ತು. ಅವನು ಕೊಟ್ಟ ದಾಖಲೆಗಳಲ್ಲಿ ಹೆಸರಿನ ಕಾಗುಣಿತ, ದಿನಾಂಕ ಒಂದಕ್ಕೊಂದು ಹೊಂದಲ್ಲ ಅನ್ನೋದು ಕಾರಣ. ಸುಪ್ರೀಂ ಕೋರ್ಟ್ ಎರಡು ಮಾತು ಹೇಳಿತು.

ಒಂದು: ಸಾಬೀತು ಮಾಡುವ ಹೊಣೆ ವ್ಯಕ್ತಿಯ ಮೇಲಿದೆ, ಸರಿ. ಆದರೆ ಸರ್ಕಾರ ಮೊದಲು ತನ್ನ ಕೈಯಲ್ಲಿರುವ ಆಧಾರ ತೋರಿಸಬೇಕು. ಏನೂ ಇಲ್ಲದೆ ಯಾರದೋ ಮನೆ ಬಾಗಿಲು ತಟ್ಟಿ 'ನಿನ್ನ ಮೇಲೆ ಸಂಶಯ ಇದೆ, ನೀನೇ ಸಾಬೀತು ಮಾಡು' ಅನ್ನೋಕೆ ಬರಲ್ಲ. ಎರಡು: ಸಣ್ಣಪುಟ್ಟ ಕಾಗುಣಿತದ ವ್ಯತ್ಯಾಸಕ್ಕೆ ಒಬ್ಬನ ಪೌರತ್ವ ಕಿತ್ತುಕೊಳ್ಳೋಕಾಗಲ್ಲ.

ಆತ ಭಾರತೀಯ ಅಂತ ಕೋರ್ಟ್ ಘೋಷಿಸಿತು. ಆದರೆ ಆ ಹೊತ್ತಿಗೆ ಆತ ತೀರಿಕೊಂಡು ಎರಡು ವರ್ಷಕ್ಕೂ ಹೆಚ್ಚಾಗಿತ್ತು ಎಂದು ಆಮೇಲೆ ಪತ್ರಿಕೆಗಳು ವರದಿ ಮಾಡಿದವು.

ಈ ಕಾಗುಣಿತದ ಮಾತು ಓದಿದಾಗ ನನಗೆ ನೆನಪಾದದ್ದು ನಮ್ಮ ಮನೆಯ ಕಪಾಟು. ರೇಷನ್ ಕಾರ್ಡಿನಲ್ಲಿ ಬಸಪ್ಪ, ಉತಾರದಲ್ಲಿ ಬಸವಂತಪ್ಪ, ಆಧಾರ್‌ನಲ್ಲಿ ಬಸವರಾಜ, ಮೂವರೂ ಒಬ್ಬನೇ ಮನುಷ್ಯ. ಅಡ್ಡಹೆಸರು ಒಂದು ಕಡೆ ಊರಿನದು, ಇನ್ನೊಂದು ಕಡೆ ಮನೆತನದ್ದು. ಹುಟ್ಟಿದ ದಿನ ಕೇಳಿದರೆ ನಮ್ಮ ಹಿರಿಯರಲ್ಲಿ ಅರ್ಧ ಜನ ಜೂನ್ 1ರಂದೇ ಹುಟ್ಟಿದವರು. ಶಾಲೆಗೆ ಸೇರಿಸುವಾಗ ಮಾಸ್ತರು ಬರೆದುಕೊಂಡ ತಾರೀಖು ಅದು. ಜನನ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಇನ್ನು ಆಧಾರ್ ಪೌರತ್ವದ ಪುರಾವೆ ಅಲ್ಲ ಅಂತ ಆಧಾರ್ ಕಾಯ್ದೆಯೇ ಹೇಳುತ್ತೆ. ಒಂದು ಬೆಳಿಗ್ಗೆ ಪೊಲೀಸರು ಬಂದು "ಸಾಬೀತು ಮಾಡು" ಅಂದರೆ ನಮ್ಮಲ್ಲಿ ಎಷ್ಟು ಮನೆಗಳು ಪಾಸಾಗ್ತಾವೆ?

ಬೆಂಗಳೂರಿನ 72 ಜನ

ಕರ್ನಾಟಕಕ್ಕೂ ಇದು ದೂರದ ವಿಷಯ ಅಲ್ಲ. 2021ರಲ್ಲಿ ಬೆಂಗಳೂರಿನಲ್ಲಿ 72 ರೋಹಿಂಗ್ಯಾಗಳನ್ನ ಗುರುತಿಸಲಾಗಿದೆ ಅಂತ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೆ ಪ್ರಮಾಣಪತ್ರ ಕೊಟ್ಟಿತು. ಅವರನ್ನ ಸದ್ಯಕ್ಕೆ ಗಡಿಪಾರು ಮಾಡುವ ಯೋಚನೆ ಇಲ್ಲ ಅಂತಲೂ ಅದರಲ್ಲಿ ಹೇಳಿತ್ತು. ಕೆಲವೇ ದಿನದಲ್ಲಿ ಸರ್ಕಾರ ಮಾತು ಬದಲಿಸಿ ಹೊಸ ಪ್ರಮಾಣಪತ್ರ ಸಲ್ಲಿಸಿತು. ಕೋರ್ಟ್ ಏನು ಆದೇಶಿಸುತ್ತೋ ಹಾಗೆ ನಡೆದುಕೊಳ್ಳುತ್ತೇವೆ ಅಂದಿತು.

72 ಜನರ ಬದುಕಿನ ವಿಷಯದಲ್ಲಿ ಸರ್ಕಾರದ ನಿಲುವು ಒಂದೇ ವಾರದ ಆಸುಪಾಸಿನಲ್ಲಿ ಹೀಗೆ ಹೊರಳುತ್ತೆ ಅಂದರೆ, ಆ ನಿಲುವನ್ನ ಹೊರಗಿನಿಂದ ಒಬ್ಬರು ಪರಿಶೀಲಿಸಬೇಕಲ್ವಾ?

ಅದೇ ವರ್ಷ ಏಪ್ರಿಲ್ 8ರಂದು ಜಮ್ಮುವಿನಲ್ಲಿ ಬಂಧನದಲ್ಲಿದ್ದ ರೋಹಿಂಗ್ಯಾಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶ ಕೊಟ್ಟಿತ್ತು. ಅವರ ಬಿಡುಗಡೆಗೆ ಒಪ್ಪಲಿಲ್ಲ. ಗಡಿಪಾರಾಗದೆ ಉಳಿಯುವ ಹಕ್ಕು ನಾಗರಿಕರದ್ದು ಮಾತ್ರ ಅಂದಿತು. ಆದರೆ ಕೊನೆಗೆ ಒಂದು ಷರತ್ತು ಹಾಕಿತು: ನಿಗದಿತ ಕಾನೂನು ಪ್ರಕ್ರಿಯೆ ಪಾಲಿಸದೆ ಗಡಿಪಾರು ಮಾಡುವಂತಿಲ್ಲ. ಕಠಿಣವಾದ ಆದೇಶದಲ್ಲೂ ಕೋರ್ಟ್ ಬಿಡದೆ ಹಿಡಿದುಕೊಂಡದ್ದು ಆ ಒಂದು ಎಳೆಯನ್ನ.

ಕರ್ನಾಟಕ ಹೈಕೋರ್ಟ್ ಕೂಡ 2020ರ ಮೇನಲ್ಲಿ, ಬಾಂಗ್ಲಾದೇಶಿಗಳು ಎಂಬ ಆರೋಪದ ಮೇಲೆ ಬೆಂಗಳೂರಿನಲ್ಲಿ ಬಂಧಿತರಾದವರ ಜಾಮೀನು ಅರ್ಜಿಯಲ್ಲಿ ವಿವರವಾದ ಮಾರ್ಗಸೂಚಿ ಕೊಟ್ಟಿತು. ನ್ಯಾಯಮೂರ್ತಿ ಕೆ.ಎನ್. ಫಣೀಂದ್ರ ಅವರ ತೀರ್ಪು ಅದು. ಅಕ್ರಮವಾಗಿ ನೆಲೆಸಿದ ವಿದೇಶಿಯರನ್ನ ಜಾಮೀನು ಸಿಕ್ಕಮೇಲೂ, ಕೇಸು ಮುಗಿದಮೇಲೂ, ವಾಪಸು ಕಳಿಸುವವರೆಗೆ ಬಂಧನ ಕೇಂದ್ರದಲ್ಲಿ ಇಡಬೇಕು, ಅಲ್ಲಿ ಮೂಲಸೌಕರ್ಯ ಇರಬೇಕು ಅಂತ ಹೇಳಿತು. ನೆಲಮಂಗಲ ಹತ್ತಿರದ ಸೊಂಡೇಕೊಪ್ಪದಲ್ಲಿ ಸಮಾಜ ಕಲ್ಯಾಣ ಇಲಾಖೆಯ ಹಳೇ ಹಾಸ್ಟೆಲನ್ನೇ ಅಂಥ ಕೇಂದ್ರವಾಗಿ ಮಾಡಲಾಗಿದೆ.

ಇಲ್ಲೊಂದು ತೊಡಕಿದೆ, ಬಹಳ ಜನ ಗಮನಿಸಲ್ಲ. ಗಡಿಪಾರು ಒಂದು ಕೈಯ ಚಪ್ಪಾಳೆ ಅಲ್ಲ. ಆಚೆಯ ದೇಶ 'ಹೌದು, ಇವರು ನಮ್ಮವರು' ಅಂತ ಒಪ್ಪಿ ದಾಖಲೆ ಕೊಟ್ಟರೆ ಮಾತ್ರ ಅದು ಗಡಿಪಾರು. ಆ ಪರಿಶೀಲನೆಗೆ ತಿಂಗಳುಗಳೇ ಹಿಡಿಯಬಹುದು. ಅಲ್ಲಿವರೆಗೆ ಮನುಷ್ಯ ಕೇಂದ್ರದಲ್ಲಿ ಕೊಳೆಯುತ್ತಾನೆ. ಆ ತಡ ತಪ್ಪಿಸೋಕೆ ರಾತ್ರೋರಾತ್ರಿ ಗಡಿಯಾಚೆ ದಬ್ಬುವ ಅಡ್ಡದಾರಿಯೇ 'ಪುಶ್‌ಬ್ಯಾಕ್'. ಅದರಲ್ಲಿ ಲಿಖಿತ ಆದೇಶ ಇರಲ್ಲ, ಹಾಗಾಗಿ ಕೋರ್ಟಿನಲ್ಲಿ ಪ್ರಶ್ನೆ ಮಾಡೋಕೆ ಕೈಯಲ್ಲಿ ಕಾಗದವೇ ಇರಲ್ಲ.

ಪ್ರಶ್ನೆ ತಡವಾದರೆ ಏನಾಗುತ್ತೆ

2025ರ ಮೇನಲ್ಲಿ ಕೇಂದ್ರ ಗೃಹ ಸಚಿವಾಲಯ ರಾಜ್ಯಗಳಿಗೆ ಒಂದು ಸೂಚನೆ ಕೊಟ್ಟಿತು. ಬಾಂಗ್ಲಾದೇಶ, ಮ್ಯಾನ್ಮಾರ್‌ನವರು ಎಂಬ ಸಂಶಯದ ಮೇಲೆ ಹಿಡಿದವರು 'ನಾನು ಭಾರತೀಯ' ಅಂದರೆ, ಅವರು ಹೇಳುವ ಊರಿನ ರಾಜ್ಯದಿಂದ 30 ದಿನದೊಳಗೆ ಪರಿಶೀಲಿಸಿ ವರದಿ ತರಿಸಬೇಕು ಅನ್ನೋದು ಅದರ ಸಾರ.

ಅದೇ ಜೂನ್‌ನಲ್ಲಿ ದೆಹಲಿಯಲ್ಲಿ ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಎರಡು ಕುಟುಂಬಗಳ ಆರು ಜನರನ್ನ ಪೊಲೀಸರು ಹಿಡಿದರು. ಅವರಲ್ಲಿ ಒಬ್ಬಾಕೆ ಗರ್ಭಿಣಿ, ಜೊತೆಗೆ ಮಕ್ಕಳು. 30 ದಿನ ಕಾಯಲಿಲ್ಲ. ಸುಮಾರು ಒಂದು ವಾರದೊಳಗೆ ಅವರು ಗಡಿಯಾಚೆ ಇದ್ದರು. ಅಲ್ಲಿ ಬಾಂಗ್ಲಾದೇಶದ ಪೊಲೀಸರು 'ಅಕ್ರಮವಾಗಿ ನುಸುಳಿದ್ದೀರಿ' ಅಂತ ಬಂಧಿಸಿ ಜೈಲಿಗೆ ಹಾಕಿದರು. ಇಲ್ಲಿ ಬಾಂಗ್ಲಾದೇಶಿ, ಅಲ್ಲಿ ಭಾರತೀಯರು!

ಊರಲ್ಲಿದ್ದ ಮನೆಯವರು ಕಲ್ಕತ್ತಾ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಸೆಪ್ಟೆಂಬರ್ 26ರಂದು ಹೈಕೋರ್ಟ್ ಗಡಿಪಾರನ್ನ ರದ್ದು ಮಾಡಿ, ನಾಲ್ಕು ವಾರದಲ್ಲಿ ವಾಪಸು ಕರೆತರಲು ಹೇಳಿತು. ಗೃಹ ಸಚಿವಾಲಯದ ಸೂಚನೆಯನ್ನೇ ಗಾಳಿಗೆ ತೂರಿ ಆತುರದಲ್ಲಿ ನಡೆದುಕೊಂಡದ್ದನ್ನ ಕೋರ್ಟ್ ಎತ್ತಿ ತೋರಿಸಿತು. ಕೇಂದ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಡಿಸೆಂಬರ್ 3ರಂದು ಆಕೆಯನ್ನೂ ಮಗನನ್ನೂ ಮಾನವೀಯತೆ ಮೇಲೆ ಕರೆತರುತ್ತೇವೆ ಎಂದು ಒಪ್ಪಿತು. ಮೊದಲು ಮರಳಿದ್ದು ಆ ಇಬ್ಬರು ಮಾತ್ರ, ಅಂದರೆ ಹೈಕೋರ್ಟ್ ಕೊಟ್ಟ ಗಡುವು ದಾಟಿದ ಮೇಲೂ ಒಂದು ತಿಂಗಳಿಗೆ ಮಿಕ್ಕಿ ಕಾದು.

ಈ ಪ್ರಕರಣದಲ್ಲಿ ಕೋರ್ಟ್ ಕೇಳಿದ್ದು ಜಾಲ್ನಾದ ಪ್ರಕರಣದಲ್ಲಿ ಕೇಳಿದ್ದನ್ನೇ: ಹೇಗೆ ತೀರ್ಮಾನ ಮಾಡಿದಿರಿ? ಆದರೆ ಕೇಳುವ ಹೊತ್ತಿಗೆ ಮನುಷ್ಯರು ಇನ್ನೊಂದು ದೇಶದ ಜೈಲಿನಲ್ಲಿದ್ದರು. ಜಿಲ್ಲೆಯಿಂದ ಹೊರಹಾಕಿದ ಆದೇಶ ರದ್ದಾದರೆ ಆತ ಸಂಜೆ ಬಸ್ಸಿಗೆ ಮನೆಗೆ ಬರಬಹುದು. ದೇಶದಿಂದ ಹೊರಹಾಕಿದ ಆದೇಶ ರದ್ದಾದರೆ ಆ ಕಡೆಯ ಸರ್ಕಾರವೂ ಬಾಗಿಲು ತೆಗೆಯಬೇಕು. ನಮ್ಮ ಕೋರ್ಟಿನ ಕೈ ಗಡಿಯವರೆಗೆ ಮಾತ್ರ ಚಾಚುತ್ತೆ. ಅದಕ್ಕೇ ನಾನು ಹೇಳೋದು: ಇಂಥ ಪ್ರಕರಣದಲ್ಲಿ ಪರಾಮರ್ಶೆ ಗಡಿ ದಾಟಿಸುವ ಮುಂಚೆ ಆಗಬೇಕು. ಆಮೇಲೆ ಆದರೆ ಅದು ಹೆಚ್ಚಿನಂಶ ತೀರ್ಪಿನ ಪ್ರತಿಯಾಗಿ ಉಳಿಯುತ್ತೆ.

ಇದು ಭಾರತದ ಸಮಸ್ಯೆ ಮಾತ್ರ ಅಲ್ಲ. 2025ರ ಮೇ 16ರಂದು ಅಮೆರಿಕದ ಸುಪ್ರೀಂ ಕೋರ್ಟ್, ವೆನೆಜುವೆಲಾದ ಬಂಧಿತರಿಗೆ ಹೊರಹಾಕುವ ಸುಮಾರು 24 ಗಂಟೆ ಮುಂಚೆ ನೋಟಿಸ್ ಕೊಟ್ಟು, ಅದನ್ನ ಹೇಗೆ ಪ್ರಶ್ನಿಸಬೇಕು ಅಂತಲೂ ತಿಳಿಸದಿದ್ದರೆ ಅದು ನ್ಯಾಯಯುತ ಪ್ರಕ್ರಿಯೆ ಅನ್ನಿಸಿಕೊಳ್ಳಲ್ಲ ಎಂದಿತು. ಅಲ್ಲಿರುವ ನಮ್ಮ ಕನ್ನಡದ ಹುಡುಗ ಹುಡುಗಿಯರ ವೀಸಾ ಕತ್ತಿಯ ಮೇಲೆ ನಿಂತಾಗ ನಾವು ಅಲ್ಲಿನ ಕೋರ್ಟುಗಳಿಂದ ಬಯಸೋದು ಇದನ್ನೇ ಅಲ್ವಾ: ನೋಟಿಸ್ ಕೊಡಿ, ಸಮಯ ಕೊಡಿ, ಮಾತು ಕೇಳಿ.

'ದೇಶದ ಭದ್ರತೆ ಏನಾಗಬೇಕು?'

ಈ ಪ್ರಶ್ನೆಯನ್ನ ತಳ್ಳಿಹಾಕೋಕಾಗಲ್ಲ. ಅಕ್ರಮ ವಲಸೆ ನಿಜ, ಅದನ್ನ ತಡೆಯುವ ಹಕ್ಕು ಪ್ರತಿ ದೇಶಕ್ಕೂ ಇದೆ. ಆದರೆ 30 ದಿನದ ಪರಿಶೀಲನೆಯಿಂದ ಭದ್ರತೆಗೆ ಏನು ಧಕ್ಕೆ? ಮನುಷ್ಯ ಬಂಧನದಲ್ಲೇ ಇರುತ್ತಾನೆ, ಎಲ್ಲಿಗೂ ಓಡಿಹೋಗಲ್ಲ. ನಿಜವಾಗಿ ವಿದೇಶಿಯಾಗಿದ್ದರೆ ಪರಿಶೀಲನೆ ಮುಗಿದ ಮೇಲೂ ಕಳಿಸಬಹುದು. ಭಾರತೀಯನಾಗಿದ್ದರೆ ಒಂದು ದೊಡ್ಡ ತಪ್ಪು ತಪ್ಪುತ್ತೆ.

ಹಾಗಾಗಿ ನಾವು ಕೇಳಬೇಕಾದದ್ದು ಆಕಾಶ ಭೂಮಿ ಒಂದು ಮಾಡುವ ಬೇಡಿಕೆಗಳಲ್ಲ. ಕಾರಣ ಬರೆದ ಲಿಖಿತ ಆದೇಶ ಬೇಕು, ಅದರ ಪ್ರತಿ ಆ ವ್ಯಕ್ತಿಯ ಕೈಗೆ, ಅವನಿಗೆ ಓದೋಕೆ ಬರುವ ಭಾಷೆಯಲ್ಲಿ ಸಿಗಬೇಕು. ಅವನು ಹೇಳುವ ಊರಿನ ತಹಶೀಲ್ದಾರ್, ಪೊಲೀಸ್ ಠಾಣೆಯಿಂದ ಉತ್ತರ ಬರುವವರೆಗೆ ಕಾಯಬೇಕು. ಆದೇಶಕ್ಕೂ ಗಡಿಗೂ ನಡುವೆ ಹೈಕೋರ್ಟ್ ಮೆಟ್ಟಿಲು ಹತ್ತುವಷ್ಟು ದಿನ ಇರಬೇಕು. ಮತ್ತು ವಕೀಲರು ಬೇಕು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ನೋಡದೆ ಉಚಿತ ಕಾನೂನು ನೆರವು ಕೊಡಬೇಕು. ಸಂವಿಧಾನದ 14 ಮತ್ತು 21ನೇ ವಿಧಿಗಳು ಹೇಳೋದು 'ವ್ಯಕ್ತಿ' ಅಂತ, 'ನಾಗರಿಕ' ಅಂತ ಅಲ್ಲ. 1996ರಲ್ಲಿ ಅರುಣಾಚಲದ ಚಕ್ಮಾಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ನೆನಪಿಸಿ, ಅವರನ್ನ ಗುಂಪುಗಳು ಬಲವಂತವಾಗಿ ಓಡಿಸದಂತೆ ಕಾಯುವುದು ರಾಜ್ಯದ ಕರ್ತವ್ಯ ಅಂದಿತ್ತು.

ಆ ಹುಡುಗನಿಗೆ ಈಗ ಹೇಳೋದಾದರೆ: ತಮ್ಮಾ, ಹೊರಗಿನವರನ್ನ ಹೊರಗ ಹಾಕಾಕ ಕೋರ್ಟ್ ಬೇಕಂತಲ್ಲ. ಯಾರು ಹೊರಗಿನವರು ಅಂತ ಒಬ್ಬ ಪೊಲೀಸ್ ಒಂದು ರಾತ್ರಿಯಲ್ಲಿ ತೀರ್ಮಾನ ಮಾಡಬಾರದು ಅಂತ ಕೋರ್ಟ್ ಬೇಕು. ನಮ್ಮ ತಾಲ್ಲೂಕುಗಳಿಂದ ಗೋವಾ, ಮುಂಬೈ, ಪುಣೆ ಕಡೆ ದುಡಿಯೋಕೆ ಹೋದವರು ನಿನ್ನ ಮನೆಯಲ್ಲೂ ಇರ್ತಾರ. ಪರ ಊರಿನಲ್ಲಿ ಅವರ ಭಾಷೆಯೂ ಅಲ್ಲಿನವರಿಗೆ ಅಪರಿಚಿತವೇ. ಬೀರ್‌ಭೂಮ್‌ನವರೂ ಹಂಗ ದೆಹಲಿಗೆ ದುಡಿಯಾಕ ಹೋದವರು.

ರೌಡಿಶೀಟರಿಗೆ ನೋಟಿಸ್ ಕೊಡುವ ದೇಶ ಕೂಲಿಕಾರನಿಗೂ ಒಂದು ನೋಟಿಸ್ ಕೊಡಬಹುದು.